ಅಜ್ಜಿಯ ಹಾಡಿಗೆ ಕತ್ತರಿ ಹಾಕುವ ಮುನ್ನ

ಹಸೆಗೆ ಕರೆಯುವ ಹೊತ್ತಿಗೆ ಸೋಬಾನೆ ಎತ್ತಿಕೊಡುವ ಹಿರಿಯರು ನಿಮ್ಮ ಮನೆಯಲ್ಲಿ ಇನ್ನೂ ಇದ್ದಾರೆಯೇ? ಹಾಗಿದ್ದರೆ ನೀವು ಪುಣ್ಯವಂತರು, ಸೋದರಿ. ಎಷ್ಟೋ ಮನೆಗಳಲ್ಲಿ ಈಗ ಆ ಕೆಲಸವನ್ನು ಬಾಡಿಗೆಯ ಸ್ಪೀಕರೇ ಮಾಡುತ್ತಿದೆ.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಹೆಸರು ಕೇಳಿಯೇ ಇರುತ್ತೀರಿ. 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್.ಎಂ. ಕೃಷ್ಣ ಅವರ ಹುಟ್ಟೂರು ಅದು. ಅವರ ಹೆಸರಿನ ಮೊದಲ 'ಎಸ್' ಎಂದರೆ ಸೋಮನಹಳ್ಳಿಯೇ. ಊರಿನ ಹೆಸರು ಹೀಗೆ ಒಬ್ಬರ ಹೆಸರಿನೊಳಗೆ ಉಳಿಯಿತು. ಆದರೆ ಇಂಥ ಊರುಗಳಲ್ಲಿ ನಾಟಿ ಗದ್ದೆಯಲ್ಲಿ, ಬೀಸುವ ಕಲ್ಲಿನ ಮುಂದೆ, ಹಸೆಯ ಪಕ್ಕದಲ್ಲಿ ಕೂತು ಹಾಡಿದ ಎಷ್ಟೋ ತಾಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರು ಬಿಟ್ಟುಹೋಗುವ ಆಸ್ತಿ ದನಿಯೊಂದೇ. ಈ ಆಸ್ತಿಯ ಬೆಲೆ ತಿಳಿದಿದ್ದವರು ನಮ್ಮ ಮಂಡ್ಯ ಸೀಮೆಯವರೇ ಆದ ಎಚ್.ಎಲ್. ನಾಗೇಗೌಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು.

ಈಗ ಮೊಬೈಲು ನಿಮ್ಮ ಕೈಯಲ್ಲೇ ಇದೆ. ಅಜ್ಜಿಯನ್ನು ಕೂರಿಸಿ, ಹಾಡಿಸಿ, ಹಿಡಿದಿಟ್ಟುಕೊಂಡಿರಿ. ಆಮೇಲೆ ಕೇಳಿದರೆ ನಡುವೆ ಕೆಮ್ಮು, ಕುಕ್ಕರಿನ ಸೀಟಿ, 'ಮುಂದೇನವ್ವ, ಮರೆತೇ ಹೋಯ್ತಲ್ಲ' ಎಂಬ ಮಾತು! ಅದನ್ನು ತೆಗೆಯೋಣ ಎಂದು ಕತ್ತರಿಸಿದರೆ ಆ ಜಾಗದಲ್ಲಿ 'ಟಕ್' ಎಂಬ ಸದ್ದು. ಮುತ್ತಿನಂಥ ಅಕ್ಕಿಯ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಇದು ಏಕೆ ಬರುತ್ತದೆ, ಬಾರದಂತೆ ಹೇಗೆ ಮಾಡುವುದು, ನೋಡೋಣ.

'ಟಕ್' ಎಲ್ಲಿಂದ ಬಂತು?

ದನಿ ಎಂದರೆ ಗಾಳಿಯ ಅಲೆ. ಕಂಪ್ಯೂಟರಿನ ಪರದೆಯಲ್ಲಿ ಅದು ನಡುಗೆರೆಯ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಓಡುವ ಗೆರೆಯಂತೆ ಕಾಣುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿನ ದನಿಯನ್ನು 44,100 ಚುಕ್ಕಿಗಳಾಗಿ ಬರೆದಿಟ್ಟಿರುತ್ತಾರೆ. ರಂಗೋಲಿಯ ಚುಕ್ಕಿ ಅಂದುಕೊಳ್ಳಿ. ಒಂದು ತುಂಡನ್ನು ಅಲೆಯ ನೆತ್ತಿಯಲ್ಲಿ ಕತ್ತರಿಸಿ, ಇನ್ನೊಂದನ್ನು ತಗ್ಗಿನಲ್ಲಿ ಕತ್ತರಿಸಿ ಜೋಡಿಸಿದರೆ ಗೆರೆ ಮೇಲಿಂದ ಕೆಳಕ್ಕೆ ಒಮ್ಮೆಗೇ ಧುಮುಕಬೇಕು. ಸ್ಪೀಕರಿನ ಪರದೆಯೂ ಹಾಗೆಯೇ ಧುಮುಕುತ್ತದೆ. ಆ ನೆಗೆತವೇ ನಿಮ್ಮ ಕಿವಿಗೆ 'ಟಕ್'.

ಉಪಾಯ ಎರಡು. ಒಂದು, ಗೆರೆ ನಡುಗೆರೆಯನ್ನು ದಾಟುವ ಜಾಗದಲ್ಲೇ ಕತ್ತರಿಸುವುದು. ಎರಡು, ಕೂಡುವ ಕಡೆ ಹಳೆಯ ದನಿಯನ್ನು ಮೆಲ್ಲಗೆ ಇಳಿಸುತ್ತಾ ಹೊಸದನ್ನು ಮೆಲ್ಲಗೆ ಏರಿಸುವುದು. ಇದಕ್ಕೆ ಕ್ರಾಸ್ ಫೇಡ್ ಎನ್ನುತ್ತಾರೆ. ಜಡೆಗೆ ಚೌರಿ ಸೇರಿಸುವಾಗ ಕೂದಲ ತುದಿಯಲ್ಲಿ ಗಂಟು ಹಾಕುತ್ತೀರಾ? ಇಲ್ಲವಲ್ಲ, ಅರ್ಧ ಜಡೆಯಿಂದಲೇ ಒಳಗೆ ಸೇರಿಸಿ ಹೆಣೆಯುತ್ತೀರಿ. ಅಷ್ಟೇ.

ಟೇಪಿನ ಕಾಲದ ರೇಡಿಯೋದವರಿಗೂ ಈ ಗುಟ್ಟು ಗೊತ್ತಿತ್ತು. ಕಾಲಿಂಚು ಅಗಲದ ಟೇಪನ್ನು ಅವರು ಬ್ಲೇಡಿನಿಂದ ನೇರವಾಗಿ ಕೊಯ್ಯದೆ ಓರೆಯಾಗಿ, 45 ಡಿಗ್ರಿಯಲ್ಲಿ ಕೊಯ್ದು ಅಂಟಿಸುತ್ತಿದ್ದರು. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪಿನಲ್ಲಿ ಆ ಓರೆ ದಾಟಲು ಒಂದು ಸೆಕೆಂಡಿನ 30ನೇ ಒಂದು ಭಾಗ ಬೇಕು. ಅಷ್ಟರಲ್ಲಿ ಒಂದು ದನಿ ಇಳಿದು ಇನ್ನೊಂದು ಏರಿರುತ್ತಿತ್ತು.

ಮಾಡುವ ವಿಧಾನ

ಬೇಕಾಗುವ ಸಾಮಾನು: ಮಕ್ಕಳ ಕಂಪ್ಯೂಟರು, ಕಿವಿಗೆ ಹಾಕುವ ಹೆಡ್‌ಫೋನು, ಮತ್ತು 'ಆಡಾಸಿಟಿ' ಎಂಬ ಸಾಫ್ಟ್‌ವೇರು. 2000ದಲ್ಲಿ ಹೊರಬಂದ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

1. ಮೊದಲು ಅಸಲಿಯ ನಕಲು ಮಾಡಿ. ಕತ್ತರಿ ನಕಲಿನ ಮೇಲೆ ಮಾತ್ರ. ಅಸಲಿ ಬೀರುವಿನಲ್ಲಿಟ್ಟ ಒಡವೆಯ ಹಾಗೆ, ಬೇರೆ ಕಡೆ ಭದ್ರವಾಗಿರಲಿ.

2. ಅಲೆ ನಡುಗೆರೆಯ ಮೇಲಕ್ಕೋ ಕೆಳಕ್ಕೋ ಪೂರ್ತಿ ಜರುಗಿ ಕೂತಿದೆಯೇ ನೋಡಿ. ಹಾಗಿದ್ದರೆ 'ನಾರ್ಮಲೈಸ್'ನಲ್ಲಿ ಡಿ.ಸಿ. ಆಫ್‌ಸೆಟ್ ತೆಗೆಯುವ ಆಯ್ಕೆಯನ್ನು ಒತ್ತಿ ಸರಿಮಾಡಿ. ಇಲ್ಲವಾದರೆ ನಡುಗೆರೆಯ ಲೆಕ್ಕವೇ ತಪ್ಪುತ್ತದೆ.

3. ಕೆಮ್ಮಿನ ಜಾಗವನ್ನು ದೊಡ್ಡದು ಮಾಡಿ ನೋಡಿ, ಎಳೆದು ಗುರುತಿಸಿ, 'ಝಡ್' ಕೀಲಿ ಒತ್ತಿ. ಗುರುತಿನ ಎರಡೂ ತುದಿ ತಾನಾಗಿ ಹತ್ತಿರದ ನಡುಗೆರೆಗೆ ಸರಿಯುತ್ತವೆ. ಆಮೇಲೆ ಅಳಿಸಿ.

4. ಇಷ್ಟಕ್ಕೇ ಕೆಲವೊಮ್ಮೆ ಸಾಲದು. ಏರುವ ಗೆರೆಗೆ ಏರುವ ಗೆರೆಯೇ ಕೂಡಬೇಕು. ಸ್ಟೀರಿಯೋ ಆದರೆ ಎಡಬಲ ಎರಡೂ ಒಂದೇ ಹೊತ್ತಿಗೆ ನಡುಗೆರೆ ದಾಟುವುದಿಲ್ಲ. ಆದ್ದರಿಂದ ಕೂಡುವ ಕಡೆ 5ರಿಂದ 10 ಮಿಲಿಸೆಕೆಂಡಿನ ಕ್ರಾಸ್ ಫೇಡ್ ಕೊಡಿ. 10 ಮಿಲಿಸೆಕೆಂಡೆಂದರೆ 441 ಚುಕ್ಕಿ, ಕಿವಿಗೆ ಗೊತ್ತೇ ಆಗದು. ಇದಕ್ಕೆ ಎರಡೂ ಕಡೆ ತುಸು ದನಿ ಹೆಚ್ಚಾಗಿ ಬಿಟ್ಟಿರಬೇಕು. ರವಿಕೆಗೆ ಹೊಲಿಗೆ ಅಂತ ಅರ್ಧ ಇಂಚು ಬಟ್ಟೆ ಬಿಡ್ತೀರಲ್ಲ, ಹಾಗೆ.

5. ಎಲ್ಲ ಆದ ಮೇಲೂ ಒಂದು ಪುಟ್ಟ 'ಟಕ್' ಉಳಿಯಿತೇ? ಅಷ್ಟನ್ನೇ ಗುರುತಿಸಿ 'ರಿಪೇರ್' ಒತ್ತಿ. ಇದು 128 ಚುಕ್ಕಿಗಳವರೆಗೆ ಮಾತ್ರ ಕೆಲಸ ಮಾಡುತ್ತದೆ.

ಎಲ್ಲಿ ಕತ್ತರಿಸಬೇಕು?

ಇದೇ ಕೈಚಳಕದ ಜಾಗ. ಶಾಲೆಯಲ್ಲಿ ಕಲಿತ 'ಕ ಚ ಟ ತ ಪ' ನೆನಪಿದೆಯಾ? ಈ ಅಕ್ಷರಗಳನ್ನು ನುಡಿಯುವ ಮುಂಚೆ ಬಾಯಿ ಒಂದು ಕ್ಷಣ ಮುಚ್ಚಿ ದನಿ ನಿಲ್ಲುತ್ತದೆ. ಆ ಮೌನದಲ್ಲಿ ಕತ್ತರಿಸಿ. 'ಸ' ಕೂಡ ಒಳ್ಳೆಯದು. ಅದು ಬರೀ ಗಾಳಿಯ ಸದ್ದು, ಕೂಡಿಸಿದ ಜಾಗ ಅದರೊಳಗೆ ಮರೆಯಾಗುತ್ತದೆ. ಸೋಬಾನೆಯ ಪಲ್ಲವಿಗೆ ಮೊದಲ ಅಕ್ಷರವೇ 'ಸೋ' ಆಗಿರುವುದು ನಮ್ಮ ಅದೃಷ್ಟ! ಮ, ನ, ಲ, ಮತ್ತು ಎಳೆದು ಹಾಡುವ ಸ್ವರಗಳ ನಡುವೆ ಮಾತ್ರ ಕೈ ಹಾಕಬೇಡಿ.

ಅಜ್ಜಿ ಒಂದು ಸಾಲನ್ನು ಎರಡು ಸಲ ಹಾಡಿ ಒಂದು ಕಡೆ ತಪ್ಪಿದ್ದರೆ, ಒಂದು ಸಾಲಿನ ಆರಂಭದಿಂದ ಮುಂದಿನ ಸಾಲಿನ ಅದೇ ಜಾಗದವರೆಗೆ ಪೂರ್ತಿ ತೆಗೆಯಿರಿ. ಆಗ ತಾಳ ಮುರಿಯುವುದಿಲ್ಲ. ತೆಗೆದ ಜಾಗವನ್ನು ಪೂರಾ ಖಾಲಿ ಬಿಟ್ಟರೆ ಬಾವಿಗೆ ಬಿದ್ದಂತೆ ಕೇಳುತ್ತದೆ. ಅದಕ್ಕೇ ಹಾಡಿಸುವ ಮೊದಲು ಯಾರೂ ಮಾತಾಡದೆ ಅರ್ಧ ನಿಮಿಷ ಮನೆಯ ಸದ್ದನ್ನು ಹಿಡಿದಿಡಿ. ಫ್ಯಾನು, ದೂರದ ಕೋಳಿ, ಎಲ್ಲ ಇರಲಿ. ತೇಪೆ ಹಾಕಲು ಅದೇ ಬಟ್ಟೆ ಬೇಕು.

ಉಸಿರನ್ನು ಮಾತ್ರ ತೆಗೆಯಬೇಡಿ. ಉಸಿರೆಲ್ಲ ಹೆಕ್ಕಿಬಿಟ್ಟರೆ ಹಾಡುವವರು ಮನುಷ್ಯರೇ ಅಲ್ಲವೆನಿಸುತ್ತದೆ. 'ಮರೆತೇ ಹೋಯ್ತಲ್ಲ' ಎಂಬ ಮಾತನ್ನೂ ಬಿಸಾಡಬೇಡಿ. ಮದುವೆಗೆ ಹಾಕುವ ಪ್ರತಿಯಲ್ಲಿ ಅದು ಬೇಡದಿರಬಹುದು. ಹತ್ತು ವರ್ಷದ ಮೇಲೆ ಮೊಮ್ಮಗಳು ಮತ್ತೆ ಮತ್ತೆ ಕೇಳಬಯಸುವುದು ಅದನ್ನೇ ಇರಬಹುದು.

ಕೊನೆಗೆ ನಾಲ್ಕು ಮಾತು

ಕೆಲಸ ಮುಗಿಯುವವರೆಗೆ 'ವೇವ್' ರೂಪದಲ್ಲೇ ಉಳಿಸಿ. ಒಂದೇ ದಾರಿಯ, ಅಂದರೆ ಮೋನೋ ದನಿಗೆ ನಿಮಿಷಕ್ಕೆ ಸುಮಾರು 5 ಎಂ.ಬಿ. ಜಾಗ ಸಾಕು. ವಾಟ್ಸಾಪಿನ ಧ್ವನಿಸಂದೇಶವಾಗಿ ಕಳಿಸಿದರೆ ದನಿ ಹಿಂಡಿ ತೆಳ್ಳಗಾಗುತ್ತದೆ, ಡಾಕ್ಯುಮೆಂಟಾಗಿ ಕಳಿಸಿ. ಹಾಡಿಸುವ ಮುನ್ನ ಅಜ್ಜಿಯ ಒಪ್ಪಿಗೆ ಕೇಳಿ. 'ಇದನ್ನ ಯಾರ್‍ಯಾರಿಗೆ ಕೇಳಿಸ್ಲಿ, ಅಜ್ಜಿ?' ಅಂತಲೂ ಕೇಳಿ. ಆರಂಭದಲ್ಲಿ ಅವರ ಹೆಸರು, ಊರು, ಹಾಡು ಯಾವ ಶಾಸ್ತ್ರದ್ದು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಆ ಭಾಗಕ್ಕೆ ಎಂದೂ ಕತ್ತರಿ ಬೇಡ.

ಮುಂದಿನ ಹಬ್ಬಕ್ಕೆ ತವರಿಗೆ ಹೋಗುವಾಗ ಫೋನಿಗೆ ಚಾರ್ಜು ತುಂಬಿಸಿಕೊಂಡು, ಜಾಗ ಖಾಲಿ ಮಾಡಿಕೊಂಡು ಹೋಗಿ. ಕುಕ್ಕರು ಇಡುವುದು ಹಾಡು ಮುಗಿದ ಮೇಲೆ ಆಗಲಿ.