ವ್ಯಾಪಾರದ ಮೊದಲ ಪಾಠ



‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತು ನಮ್ಮ ಜನರ ಬಾಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಒಬ್ಬನಿಗೆ ಲಾಭವಾಗಬೇಕಾದರೆ ಮತ್ತೊಬ್ಬನಿಗೆ ನಷ್ಟವಾಗಲೇಬೇಕೆಂಬ ಶಂಕೆಯೇ ಈ ಮಾತಿಗೆ ಮೂಲ. ಈ ಶಂಕೆ ಎಷ್ಟರಮಟ್ಟಿಗೆ ಸಾಧುವಾದುದು, ವ್ಯಾಪಾರವೆಂಬುದು ನಿಜವಾಗಿ ಹೇಗೆ ನಡೆಯುತ್ತದೆ, ಎಂಬ ಪ್ರಶ್ನೆಗಳನ್ನು ವಿಚಾರಮಾಡುವುದಕ್ಕಾಗಿಯೇ ವಿಶ್ವವಿದ್ಯಾನಿಲಯಗಳಲ್ಲಿ ವಾಣಿಜ್ಯಶಾಸ್ತ್ರದ ಮೊದಲ ವರ್ಷದ ಪಾಠಗಳು ಇರುವುವು. ಬೇಡಿಕೆ, ಉತ್ಪಾದನೆ, ಲೆಕ್ಕ, ಬಂಡವಾಳ, ಕಾನೂನು ಎಂಬ ಐದು ಮಾತುಗಳಲ್ಲಿ ಆ ಪಾಠಗಳ ಸಾರವೆಲ್ಲ ಅಡಗಿದೆಯೆಂದು ಹೇಳಬಹುದು. ಕಾಲೇಜಿನ ಮೆಟ್ಟಿಲನ್ನು ಹತ್ತದವರಿಗೂ ಈ ಐದು ವಿಷಯಗಳ ಪರಿಚಯವಿರುವುದು ಅವಶ್ಯಕ. ಏಕೆಂದರೆ ಕೊಳ್ಳದೆ, ಮಾರದೆ ಜೀವಿಸುವವರು ಈಗ ಯಾರೂ ಇಲ್ಲ.

ಈ ಪಾಠವನ್ನು ಕಲಿಯುವುದಕ್ಕೆ ದೂರದ ದೇಶಗಳ ದೊಡ್ಡ ಕಾರ್ಖಾನೆಗಳನ್ನು ಉದಾಹರಿಸಬೇಕಾದುದಿಲ್ಲ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ ಹಿರೇಹಳ್ಳಿಯೆಂಬ ಊರು ಸಿಕ್ಕುತ್ತದೆ. ಅಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಆ ಕೇಂದ್ರಕ್ಕೂ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರಕ್ಕೂ ಉಂಟಾದ ಸಂಬಂಧವೇ ನಮಗೆ ಪಠ್ಯಪುಸ್ತಕವಾಗಬಲ್ಲದು.

ಚೇಳೂರಿನ ರೈತರಾದ ಶ್ರೀ ಎಸ್. ಎಸ್. ಪರಮೇಶ್ ಅವರ ತೋಟದಲ್ಲಿ ಅವರ ತಂದೆ ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರವಿತ್ತು. ಅದರ ಹಣ್ಣು ಚಿಕ್ಕದು. ತೂಕ ಸರಾಸರಿ ಎರಡೂವರೆ ಕಿಲೋಗ್ರಾಮಿಗೆ ಸಮೀಪ. ತೊಳೆಯ ಬಣ್ಣ ತಾಮ್ರದಂತೆ ಕೆಂಪು, ರುಚಿಯೂ ಉತ್ತಮ. ಹಿರೇಹಳ್ಳಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ದೇಹಕ್ಕೆ ಹಿತಕರವಾದ ಲೈಕೊಪೀನ್ ಎಂಬ ವರ್ಣದ್ರವ್ಯವು ಇದರಲ್ಲಿ ಹೇರಳವಾಗಿರುವುದನ್ನು ಕಂಡರು. ತಂದೆಯವರ ಸ್ಮರಣಾರ್ಥವಾಗಿ ತಳಿಗೆ ‘ಸಿದ್ದು’ ಎಂದು ಹೆಸರಾಯಿತು. 2017ರಲ್ಲಿ ಸಂಸ್ಥೆಗೂ ರೈತರಿಗೂ ಒಂದು ಒಪ್ಪಂದವಾಯಿತು. ಅದರಂತೆ ಸಸಿಗಳನ್ನು ಕಸಿಮಾಡಿ ಬೆಳೆಸುವ ಕೆಲಸ ಕೇಂದ್ರದ್ದು. ಸಸಿಗಳ ಮಾರಾಟದಿಂದ ಬರುವ ಆದಾಯದಲ್ಲಿ ನೂರಕ್ಕೆ 75 ಭಾಗ ರೈತರದ್ದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ಇದು ತಕ್ಕ ಉತ್ತರವಾಯಿತು. ಇಷ್ಟು ಸಂಗತಿಯನ್ನು ಕೈಯಲ್ಲಿ ಹಿಡಿದು ಈಗ ಐದು ಪಾಠಗಳನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಬೇಡಿಕೆ. ಪದಾರ್ಥವು ಒಳ್ಳೆಯದಾದ ಮಾತ್ರಕ್ಕೆ ಅದು ಮಾರಾಟವಾಗುವುದೆಂದು ತಿಳಿಯಬಾರದು. ಕೊಳ್ಳುವವನ ಯಾವುದಾದರೊಂದು ತೊಂದರೆಯನ್ನು ಅದು ನಿವಾರಿಸಬೇಕು. ಹಲಸಿನ ಹಣ್ಣಿನ ರುಚಿಯನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ. ಆದರೂ ಪಟ್ಟಣದಲ್ಲಿ ಮೂರು ನಾಲ್ಕು ಜನರಿರುವ ಸಂಸಾರವು ಹದಿನೈದು ಕಿಲೋಗ್ರಾಂ ತೂಗುವ ಹಣ್ಣನ್ನು ಹೊತ್ತು ತಂದು, ಕೈಗೆ ಎಣ್ಣೆ ಸವರಿಕೊಂಡು, ಮೇಣದೊಡನೆ ಹೋರಾಡಿ, ತಿಂದು ಮಿಕ್ಕುದನ್ನು ಏನು ಮಾಡಬೇಕೆಂದು ಚಿಂತಿಸುವುದಕ್ಕಿಂತ ಕೊಳ್ಳದೆ ಇರುವುದೇ ಲೇಸೆಂದು ಭಾವಿಸುತ್ತದೆ. ಎರಡೂವರೆ ಕಿಲೋಗ್ರಾಮಿನ ಹಣ್ಣಾದರೋ ಒಂದು ಕೈಚೀಲದಲ್ಲಿ ಹಿಡಿಸುತ್ತದೆ; ಒಂದು ಹೊತ್ತಿಗೆ ಮುಗಿಯುತ್ತದೆ. ಹಣ್ಣು ಸಣ್ಣದಾದುದನ್ನು ಹಿಂದೆ ಕೊರತೆಯೆಂದು ಎಣಿಸುತ್ತಿದ್ದವರುಂಟು. ಕೊಳ್ಳುವವರ ಮನೆ ಸಣ್ಣದಾದಾಗ ಅದೇ ಗುಣವಾಯಿತು. ಮರ ಬದಲಾಗಲಿಲ್ಲ, ಜನರ ಜೀವನಕ್ರಮ ಬದಲಾಯಿತು. ಇದನ್ನು ಗುರುತಿಸುವ ಕಣ್ಣೇ ವರ್ತಕನ ಮೊದಲ ಬಂಡವಾಳ.

ಎರಡನೆಯದು ಉತ್ಪಾದನೆ. ಹಲಸು ಪರಕೀಯ ಪರಾಗಸ್ಪರ್ಶದಿಂದ ಕಾಯಿಕಟ್ಟುವ ಮರವಾದುದರಿಂದ, ಬೀಜದಿಂದ ಹುಟ್ಟಿದ ಸಸಿಯು ತಾಯಿಮರದ ಗುಣವನ್ನೇ ಪಡೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಬೀಜದ ಸಸಿಯೊಂದನ್ನು ಬೆಳೆಸಿ, ಅದರ ತಲೆಯನ್ನು ಕತ್ತರಿಸಿ, ತಾಯಿಮರದಿಂದ ತಂದ ಕಡ್ಡಿಯನ್ನು ಅದಕ್ಕೆ ಕೂಡಿಸಿ ಕಟ್ಟಬೇಕು. ಇದೇ ಕಸಿ. ಕಸಿಗಿಡವು ಬೀಜದ ಗಿಡಕ್ಕಿಂತ ಬೇಗನೆ, ಮೂರು ನಾಲ್ಕು ವರ್ಷಗಳಲ್ಲಿಯೇ ಫಲಕ್ಕೆ ಬರತೊಡಗುವುದು. ಒಂದೇ ಗುಣದ ಪದಾರ್ಥವನ್ನು ಮತ್ತೆ ಮತ್ತೆ, ತಪ್ಪದೆ, ಸಾವಿರಗಟ್ಟಲೆ ಒದಗಿಸುವ ಈ ಶಕ್ತಿಯೇ ಉದ್ಯಮದ ಜೀವಾಳ. ಒಂದು ಮರದ ಹಣ್ಣು ಊರಿಗೆ ಸಾಕು. ಒಂದು ಮರದ ಕಸಿ ದೇಶಕ್ಕೇ ಸಾಕು.

ಮೂರನೆಯದು ಲೆಕ್ಕ. ಅನೇಕ ಉದ್ಯಮಗಳು ಮುಳುಗುವುದು ಇಲ್ಲಿಯೇ ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಖರ್ಚಿನಲ್ಲಿ ಎರಡು ಬಗೆ. ಮಾಲು ಎಷ್ಟೇ ತಯಾರಾಗಲಿ, ಆಗದಿರಲಿ, ತಪ್ಪದೆ ಬರುವುದು ಸ್ಥಿರವಾದ ಖರ್ಚು. ಮಾಲಿನೊಡನೆ ಏರುತ್ತ ಇಳಿಯುತ್ತ ಬರುವುದು ಚರವಾದ ಖರ್ಚು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಮಂಡಳಿಯನ್ನು ನೆನೆದರೆ ಈ ಭೇದ ತಿಳಿಯುತ್ತದೆ. ಪರದೆ, ಉಡುಪು, ದೀಪ, ನಟರ ಸಂಬಳ ಇವುಗಳ ವೆಚ್ಚ ನೋಟಕರು ಹತ್ತು ಜನರಾದರೂ ಅಷ್ಟೇ, ಸಾವಿರ ಜನರಾದರೂ ಅಷ್ಟೇ. ಅಂತಹ ಉದ್ಯಮದಲ್ಲಿ ಮೊದಲಿನ ಟಿಕೆಟ್ಟುಗಳೆಲ್ಲ ಖರ್ಚನ್ನು ತೀರಿಸುವುವು. ಕೊನೆಯ ಟಿಕೆಟ್ಟುಗಳು ಮಾತ್ರ ಲಾಭವನ್ನು ತರುವುವು.

ಈಗ ಕೇವಲ ಲೆಕ್ಕದ ಅಭ್ಯಾಸಕ್ಕಾಗಿ ಒಂದು ಸಣ್ಣ ಸಸ್ಯಕ್ಷೇತ್ರವನ್ನು ಕಲ್ಪಿಸಿಕೊಳ್ಳೋಣ. ನೆರಳಿನ ಚಪ್ಪರ, ನೀರು, ಕಾವಲು ಇವುಗಳಿಗೆ ವರ್ಷಕ್ಕೆ 36,000 ರೂಪಾಯಿ. ಒಂದು ಕಸಿ ಕಟ್ಟುವುದಕ್ಕೆ ಮಣ್ಣು, ಚೀಲ, ಸಸಿ, ಕೂಲಿ ಸೇರಿ 48 ರೂಪಾಯಿ. ಹತ್ತರಲ್ಲಿ ಎಂಟು ಕಸಿಗಳು ಬದುಕಿದರೆ, ಬದುಕಿದ ಒಂದೊಂದು ಗಿಡಕ್ಕೆ ಬೀಳುವ ಅಸಲು 60 ರೂಪಾಯಿ. ಗಿಡವನ್ನು 150 ರೂಪಾಯಿಗೆ ಮಾರಿದರೆ ಮಿಗುವುದು 90. ಹಾಗಾದರೆ 36,000 ರೂಪಾಯಿ ಹುಟ್ಟಬೇಕಾದರೆ 400 ಗಿಡಗಳು ಮಾರಾಟವಾಗಬೇಕು. ಲಾಭವೆಂಬುದು ನಾನೂರ ಒಂದನೆಯ ಗಿಡದಿಂದ ಪ್ರಾರಂಭ. ಕೈವಾಡವು ಸಾಲದೆ ಹತ್ತರಲ್ಲಿ ಆರೇ ಬದುಕಿದುವೆನ್ನಿ. ಆಗ ಅಸಲು 80 ರೂಪಾಯಿಗೆ ಏರಿ, ಮಿಗುವುದು 70ಕ್ಕೆ ಇಳಿದು, ಖರ್ಚು ಹುಟ್ಟುವುದಕ್ಕೇ 515 ಗಿಡಗಳು ಬೇಕಾಗುವುವು. ಬೆಲೆ ಬದಲಾಗಲಿಲ್ಲ, ಬೇಡಿಕೆ ಕುಗ್ಗಲಿಲ್ಲ. ಕಸಿ ಕಟ್ಟುವವನ ಕೈಚಳಕವೊಂದು ಕಡಮೆಯಾದುದರಿಂದ ಇಷ್ಟು ಅಂತರವಾಯಿತು. ನುರಿತ ಕೆಲಸಗಾರನಿಗೆ ನಾಲ್ಕು ಕಾಸು ಹೆಚ್ಚಾಗಿ ಕೊಡುವುದು ಔದಾರ್ಯವಲ್ಲ, ಲೆಕ್ಕಾಚಾರ, ಎಂಬುದು ಇದರಿಂದ ಸ್ಪಷ್ಟವಾಗುವುದು.

ಲೆಕ್ಕದಲ್ಲಿ ಮತ್ತೊಂದು ಎಚ್ಚರಿಕೆಯೂ ಬೇಕು. ಮನೆಯ ಹಣವನ್ನೂ ಉದ್ಯಮದ ಹಣವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಎರಡರ ಸ್ಥಿತಿಯೂ ತಿಳಿಯುವುದಿಲ್ಲ. ನಮ್ಮ ರೈತರು ಹೊರಗಿನ ಆಳಿಗೆ ಕೊಟ್ಟ ಕೂಲಿಯನ್ನು ಬರೆದಿಡುವರು. ತಮ್ಮ ದುಡಿಮೆಯನ್ನು, ಹೆಂಡತಿ ಮಕ್ಕಳ ದುಡಿಮೆಯನ್ನು ಬರೆಯುವುದಿಲ್ಲ. ವರ್ಷಾಂತ್ಯದಲ್ಲಿ ಹತ್ತು ಸಾವಿರ ಉಳಿಯಿತೆಂದು ಸಂತೋಷಪಡುವ ಕುಟುಂಬವು, ಮೂವರ ವರ್ಷದ ಕೂಲಿಯನ್ನು ಅದರಿಂದ ಕಳೆದು ನೋಡಿದರೆ, ತಾನು ನಷ್ಟದ ವ್ಯಾಪಾರವನ್ನು ತನ್ನ ಬೆವರಿನಿಂದಲೇ ನಡೆಸುತ್ತಿರುವುದನ್ನು ಕಾಣಬಹುದು. ಕಾಣದ ನಷ್ಟವು ಕಂಡ ನಷ್ಟಕ್ಕಿಂತಲೂ ಕ್ರೂರವಾದುದು. ಏಕೆಂದರೆ ಅದಕ್ಕೆ ಯಾರೂ ಮದ್ದು ಹುಡುಕುವುದಿಲ್ಲ.

ನಾಲ್ಕನೆಯದು ಬಂಡವಾಳ. ಬಂಡವಾಳವೆಂದರೆ ಹಣವೆಂದೇ ಸಾಮಾನ್ಯರ ಭಾವನೆ. ಅದರ ನಿಜವಾದ ಪ್ರಯೋಜನವೇನೆಂದರೆ ಕಾಯುವ ಶಕ್ತಿಯನ್ನು ಕೊಡುವುದು. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಅಂದವಾದ ಹೋಲಿಕೆ ಸಿಕ್ಕುತ್ತದೆ. ತಿಪಟೂರಿನ ಸೀಮೆಯಲ್ಲಿ ಬಲಿತ ತೆಂಗಿನ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವರು. ಅಟ್ಟವಿದ್ದವನು, ಮನೆಖರ್ಚಿಗೆ ಬೇರೆ ದಾರಿಯಿದ್ದವನು, ಧಾರಣೆ ಇಳಿದಾಗ ಒಂದೆರಡು ವಾರ ತಡೆದು ಮಾರಬಲ್ಲನು. ಹಲಸಾದರೋ ಬಲಿತ ಮೇಲೆ ನಾಲ್ಕಾರು ದಿನಗಳಲ್ಲಿ ಹಣ್ಣಾಗಿ ಕೊಳೆಯತೊಡಗುವುದು. ಅದನ್ನು ಬೆಳೆದವನು ಪೇಟೆಯಲ್ಲಿ ಹೇಳಿದ ಬೆಲೆಗೆ ತಲೆಬಾಗಬೇಕಾದುದೇ. ಹಪ್ಪಳ, ಚಿಪ್ಸು, ಹಲ್ವ ಮುಂತಾದುವನ್ನು ಮಾಡುವುದರ ಅರ್ಥ ಕೇವಲ ರುಚಿಯಲ್ಲ. ಕಾಯಲಾರದ ಪದಾರ್ಥವನ್ನು ಕಾಯಬಲ್ಲ ಪದಾರ್ಥವನ್ನಾಗಿ ಮಾಡುವುದು. ಕಾಯಬಲ್ಲವನಿಗೆ ಮಾತ್ರ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿರುವುದು.

ಈ ಕಾಯುವ ಶಕ್ತಿಯನ್ನು ಸಾಲವಾಗಿ ಒದಗಿಸುವುದೇ ಬ್ಯಾಂಕಿನ ಕೆಲಸ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾದುದರ ಉದ್ದೇಶವೂ ಇದೇ; ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಾಲಕ್ಕೆ ಆಧಾರ ಕೊಡಲಾರದ ಬಡವರು ಒಟ್ಟುಗೂಡಿ ಒಬ್ಬರಿಗೊಬ್ಬರು ಆಧಾರವಾಗುವುದು ಸಹಕಾರ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಅಂತಹ ಸಂಘವು ಪ್ರಾರಂಭವಾಗಿ ದೇಶಕ್ಕೆ ಮಾದರಿಯಾಯಿತು. ಹಲಸಿಗಿಂತಲೂ ಬೇಗನೆ ಕೆಡುವ ಹಾಲನ್ನು ಹಳ್ಳಿಹಳ್ಳಿಗಳಿಂದ ದಿನವೂ ಎರಡು ಹೊತ್ತು ಕೂಡಿಸಿ ಮಾರುವ ಹಾಲು ಉತ್ಪಾದಕರ ಸಂಘಗಳು ಅದೇ ತತ್ತ್ವವನ್ನು ಅನುಸರಿಸುತ್ತಿವೆ.

ಐದನೆಯದು ಕಾನೂನು. ಉದ್ಯಮವನ್ನು ಒಬ್ಬನೇ ನಡೆಸಬಹುದು, ಪಾಲುದಾರರೊಡನೆ ನಡೆಸಬಹುದು, ಕಂಪೆನಿಯಾಗಿ ನಡೆಸಬಹುದು. 1932ರ ಪಾಲುದಾರಿಕೆಯ ಕಾನೂನಿನಂತೆ, ಒಬ್ಬ ಪಾಲುದಾರನು ಸಂಸ್ಥೆಯ ಪರವಾಗಿ ಮಾಡಿದ ಸಾಲಕ್ಕೆ ಉಳಿದವರ ಮನೆಮಠಗಳೂ ಹೊಣೆಯಾಗುವುವು. ಷೇರುಗಳ ಕಂಪೆನಿಯಲ್ಲಿಯಾದರೋ ಷೇರುದಾರನ ಹೊಣೆ ಅವನು ಷೇರಿಗಾಗಿ ಕೊಟ್ಟ ಅಥವಾ ಕೊಡಲು ಒಪ್ಪಿದ ಹಣಕ್ಕೇ ನಿಲ್ಲುವುದು. ಅಪರಿಚಿತರು ಒಟ್ಟಾಗಿ ದೊಡ್ಡ ಕಾರ್ಯಕ್ಕೆ ಹಣ ಹೂಡುವ ಧೈರ್ಯಮಾಡಿದುದು ಈ ಏರ್ಪಾಡಿನಿಂದಲೇ.

ಆದರೆ ನಮ್ಮ ಹಲಸಿನ ಮರವು ಇನ್ನೂ ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತುತ್ತದೆ. ಮರ ಯಾರ ಜಮೀನಿನಲ್ಲಿದೆಯೋ ಅವರದು, ಸರಿ. ಮರದ ಗುಣ ಯಾರದು? ಬೇಲಿಯಾಚೆ ಚಾಚಿದ ಕೊಂಬೆಯಿಂದ ಒಂದು ಗೇಣು ಕಡ್ಡಿಯನ್ನು ಕತ್ತರಿಸಿಕೊಂಡು ಹೋದರೆ ಮರಕ್ಕೆ ನೋವಿಲ್ಲ, ಒಡೆಯನಿಗೆ ಗೊತ್ತೂ ಆಗುವುದಿಲ್ಲ. ಆದರೆ ಆ ಗೇಣು ಕಡ್ಡಿಯಲ್ಲಿ ಒಂದು ತೋಟದ, ಹತ್ತು ತೋಟಗಳ ಸಂಪತ್ತು ಅಡಗಿರಬಹುದು. ಕಣ್ಣಿಗೆ ಕಾಣುವ ಸ್ವತ್ತಿಗೆ ಬೇಲಿ ಹಾಕಬಹುದು. ಕಾಣದ ಸ್ವತ್ತಿಗೆ ಕಾನೂನೇ ಬೇಲಿ. 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತರು ಕಾಪಾಡಿಕೊಂಡು ಬಂದ ತಳಿಗಳನ್ನು ಅವರ ಹೆಸರಿನಲ್ಲಿಯೇ ದಾಖಲುಮಾಡಿಸಲು ಅವಕಾಶ ಕೊಟ್ಟಿದೆ. ಹಿರೇಹಳ್ಳಿಯ ಒಪ್ಪಂದದ ಮಹತ್ವವಿರುವುದೂ ಇಲ್ಲಿಯೇ. ಪರೀಕ್ಷೆಗೆ ಬೇಕಾದ ವಿದ್ಯೆ ಸಂಸ್ಥೆಯಲ್ಲಿತ್ತು. ಕಸಿಯ ಸಾಧನಸಾಮಗ್ರಿ ಸಂಸ್ಥೆಯಲ್ಲಿತ್ತು. ಹೆಸರಿಗೆ ಇರುವ ವಿಶ್ವಾಸವೂ ಸಂಸ್ಥೆಯದೇ. ಇಷ್ಟಿದ್ದರೂ ಮರವನ್ನು ನೆಟ್ಟು, ಕಡಿಯದೆ ಉಳಿಸಿದವರ ಪಾಲು ದೊಡ್ಡದೆಂದು ಒಪ್ಪಂದವು ಅಂಗೀಕರಿಸಿತು. ತನಗೆ ದೊರೆಯುವುದೆಂಬ ಭರವಸೆಯಿದ್ದರೆ ಮತ್ತೊಬ್ಬ ರೈತನೂ ತನ್ನ ಹಿತ್ತಲಿನ ಅಪೂರ್ವವಾದ ಮರವನ್ನು ಮರಮುಟ್ಟಿಗೆ ಕೊಡುವ ಮುನ್ನ ಒಮ್ಮೆ ಯೋಚಿಸುವನು. ನ್ಯಾಯವಾದ ಹಂಚಿಕೆಯಿಂದ ಆಗುವ ದೊಡ್ಡ ಉಪಕಾರ ಇದು.

ಇಷ್ಟು ಹೇಳಿದ ಮೇಲೆ ಗಂಡಾಂತರದ ಮಾತನ್ನೂ ಮುಚ್ಚಿಡಬಾರದು. ಸಸಿ ಮಾರಿದವನಿಗೆ ಹಣ ಈ ವರ್ಷವೇ ಬರುವುದು. ಸಸಿ ನೆಟ್ಟವನಿಗೆ ಮೂರು ನಾಲ್ಕು ವರ್ಷಗಳ ಮೇಲೆ. ಇಂದಿನ ಹಣ್ಣಿನ ಬೆಲೆಯನ್ನು ನೋಡಿ ಎಲ್ಲರೂ ಅದನ್ನೇ ನೆಟ್ಟರೆ, ಎಲ್ಲರ ತೋಟವೂ ಒಟ್ಟಿಗೆ ಫಲಿಸಿದ ದಿನ ಆ ಬೆಲೆ ಇರಲಾರದು. ಆದುದರಿಂದ ನೆಡುವವನು ಕೇಳಬೇಕಾದ ಪ್ರಶ್ನೆ ‘ಈಗ ಬೆಲೆ ಎಷ್ಟು?’ ಎಂಬುದಲ್ಲ, ‘ನನ್ನ ಗಿಡ ಹಣ್ಣು ಬಿಡುವಾಗ ಕೊಳ್ಳುವವರು ಯಾರು, ಬೆಲೆ ಅರ್ಧಕ್ಕೆ ಇಳಿದರೆ ನಾನು ತಾಳಬಲ್ಲೆನೆ?’ ಎಂಬುದು. ಲಾಭವೆಂಬುದು ಬಹುಮಟ್ಟಿಗೆ ಈ ಅನಿಶ್ಚಯವನ್ನು ಹೊತ್ತುದಕ್ಕೆ ಸಿಕ್ಕುವ ಕೂಲಿ. ಒಬ್ಬರು ಅಪಾಯವನ್ನು ಹೊತ್ತು ಮತ್ತೊಬ್ಬರು ಲಾಭವನ್ನು ಹೊತ್ತೊಯ್ಯುವಂತೆ ಏರ್ಪಾಡಾದರೆ ಮಾತ್ರ ವ್ಯಾಪಾರವು ದ್ರೋಹವಾಗುವುದು.

ಕೊಳ್ಳುವವನಿಗೆ ಅನುಕೂಲ, ಕಸಿ ಕಟ್ಟುವವನಿಗೆ ಕೂಲಿ, ಸಂಸ್ಥೆಗೆ ವಿದ್ಯೆಯ ಸಾರ್ಥಕತೆ, ಮರವನ್ನು ಕಾಪಾಡಿದವರಿಗೆ ಅವರ ಭಾಗ: ಇವು ನಾಲ್ಕೂ ಒಂದೇ ವ್ಯವಹಾರದಿಂದ ದೊರೆಯಬಹುದೆಂಬುದಕ್ಕೆ ಚೇಳೂರಿನ ಮರ ಸಾಕ್ಷಿಯಾಗಿದೆ. ಇನ್ನು ಮುಂದೆ ಯಾವ ಅಂಗಡಿಯಲ್ಲಿ ಯಾವ ಪದಾರ್ಥವನ್ನು ಕೊಂಡರೂ, ಕೊಟ್ಟ ರೂಪಾಯಿಯು ಯಾರು ಯಾರಿಗೆ ಎಷ್ಟೆಷ್ಟು ಹಂಚಿಹೋಗುವುದೆಂದು ಒಂದು ಕ್ಷಣ ಯೋಚಿಸಿನೋಡಿ. ವಾಣಿಜ್ಯಶಾಸ್ತ್ರದ ಮೊದಲ ಪಾಠ ಅಷ್ಟರಿಂದಲೇ ಆರಂಭವಾಗುವುದು.