ನೀರನ್ನು ಓದುವ ವಿದ್ಯೆ

ಹೊಳೆಯನ್ನು ದಾಟುವುದು ಬೇರೆ, ಹೊಳೆಯೊಡನೆ ಹರಿಯುವುದು ಬೇರೆ. ನಮ್ಮ ಹಿರಿಯರು ಹರಿಗೋಲು, ತೆಪ್ಪ, ದೋಣಿಗಳನ್ನು ಬಳಸಿದ್ದು ಬಹುಮಟ್ಟಿಗೆ ಆಚೆಯ ದಡವನ್ನು ಸೇರುವುದಕ್ಕಾಗಿ. ಸಂತೆಗೆ ಹೊರಟವನಿಗೂ, ಮಗಳ ಮನೆಗೆ ಹೊರಟ ತಾಯಿಗೂ ನದಿಯೆಂಬುದು ನಡುವೆ ಬಂದ ಅಡ್ಡಿಯೇ ಹೊರತು ವಿನೋದವಲ್ಲ. ಆದರೆ ಬಂಡೆಗಳ ನಡುವೆ ನೊರೆಗರೆದು ಧುಮುಕುವ ನೀರಿಗೆ ಬೇಕೆಂದೇ ತೆಪ್ಪವನ್ನಿಳಿಸಿ ಅದರೊಡನೆ ಸಾಗುವ ಕ್ರೀಡೆಯೊಂದು ಈಗ ಅನೇಕ ದೇಶಗಳಲ್ಲಿ ಹಬ್ಬಿದೆ. ಇದನ್ನು ರಿವರ್ ರಾಫ್ಟಿಂಗ್ ಎನ್ನುತ್ತಾರೆ. ಹೊರದೇಶಗಳಲ್ಲಿರುವ ನಮ್ಮ ತರುಣ ತರುಣಿಯರು ವಾರದ ಕೊನೆಯ ರಜೆಯಲ್ಲಿ ಗೆಳೆಯರೊಡನೆ ಇದಕ್ಕೆ ಹೊರಡುವುದುಂಟು. ಇದು ಬರಿಯ ಎದೆಗಾರಿಕೆಯ ಆಟವೆಂದು ತಿಳಿದವರೇ ಹೆಚ್ಚು. ವಾಸ್ತವವಾಗಿ ಇದು ನೀರನ್ನು ಓದುವ ವಿದ್ಯೆ.

ಒಂದು ನದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡಾ ಪರ್ವತಗಳ ಹಿಮ ಕರಗಿ ಹರಿಯುವ ಅಮೆರಿಕನ್ ನದಿಗೆ ದಕ್ಷಿಣದ ಕವಲೊಂದಿದೆ. ಅದರ ದಡದ ಕೊಲೋಮಾ ಎಂಬಲ್ಲಿ 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಎಂಬಾತನಿಗೆ ಚಿನ್ನದ ಚೂರುಗಳು ದೊರೆತು, ಲಕ್ಷಾಂತರ ಜನ ಆ ಪ್ರಾಂತ್ಯಕ್ಕೆ ನುಗ್ಗಿದರು. ಇಂದು ಅದೇ ನೀರಿಗೆ ಜನ ಬರುವುದು ತೆಪ್ಪಗಳ ಸಲುವಾಗಿ. ಚಿಲಿ ಬಾರ್ ಎಂಬಲ್ಲಿಂದ ಕೆಳಕ್ಕೆ ಸುಮಾರು 20 ಮೈಲಿ ಸಾಗುವ ಈ ದಾರಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಮೋಟಾರಿನಲ್ಲಿ ಕೆಲವೇ ಗಂಟೆಗಳ ಪ್ರಯಾಣ. ಹಿಮವೆಲ್ಲ ಕರಗಿಹೋದ ಬೇಸಗೆಯಲ್ಲಿಯೂ ಅಲ್ಲಿ ತೆಪ್ಪ ಸಾಗುವುದಕ್ಕೆ ಕಾರಣ, ಮೇಲಿನ ವಿದ್ಯುದಾಗಾರದಿಂದ ಬಿಡುವ ನೀರು. ನಮ್ಮ ಕಾಳಿ ನದಿಯಲ್ಲಿ ಗಣೇಶಗುಡಿಯ ಬಳಿ ನಡೆಯುವ ರಾಫ್ಟಿಂಗ್ ಸೂಪಾ ಅಣೆಕಟ್ಟಿನ ನೀರನ್ನು ಅವಲಂಬಿಸಿರುವಂತೆಯೇ ಇದು.

ರಭಸದ ನೀರನ್ನು ಒಂದರಿಂದ ಆರರವರೆಗೆ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಒಂದನೆಯದು ಸೌಮ್ಯ, ಆರನೆಯದು ಪ್ರಾಣಾಂತಕ. ಮೇಲೆ ಹೇಳಿದ ನದಿ ಮೂರನೆಯ ದರ್ಜೆಯದು. ಮಧ್ಯಮವೆಂದು ಅದನ್ನು ಹಗುರಾಗಿ ಎಣಿಸಲಾಗದು. ಸೆಕೆಂಡಿಗೆ 1,500 ಘನ ಅಡಿ ನೀರು ಹರಿಯುವಾಗ ಪ್ರತಿ ಸೆಕೆಂಡಿಗೂ ಸುಮಾರು 42 ಟನ್ ತೂಕ ನಮ್ಮ ಮುಂದೆ ಸಾಗುತ್ತಿರುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದು ನೂಕುವ ಬಲ ನಾಲ್ಮಡಿಯಾಗುತ್ತದೆ.

ಇಂಥ ನೀರನ್ನು ಓದುವುದು ಹೇಗೆ? ಎರಡು ಬಂಡೆಗಳ ನಡುವೆ ನುಸುಳುವ ನೀರು ನುಣುಪಾದ ನಾಲಗೆಯಂತೆ ಮುಂದೆ ಮುಂದೆ ಚೂಪಾಗುತ್ತ ಹೋದರೆ ಅದೇ ದಾರಿ. ಚೂಪು ತುದಿ ನಮ್ಮ ಕಡೆಗೇ ಇದ್ದರೆ ಅಲ್ಲಿ ಬಂಡೆ ಅಡಗಿದೆಯೆಂದು ತಿಳಿಯಬೇಕು. ದೊಡ್ಡ ಬಂಡೆಯ ಮರೆಯಲ್ಲಿ ನೀರು ಹಿಂದಕ್ಕೆ ಸುತ್ತಿಕೊಂಡು ಶಾಂತವಾಗಿರುತ್ತದೆ. ತೆಪ್ಪವನ್ನು ನಿಲ್ಲಿಸಿ ದಣಿವಾರಿಸಿಕೊಳ್ಳುವುದು ಅಲ್ಲಿಯೇ. ಬಂಡೆಯ ಮೇಲಿಂದ ಧುಮುಕಿದ ನೀರು ಬುಡದಲ್ಲಿ ಮೇಲೆದ್ದು ಮರಳಿ ಬಂಡೆಯ ಕಡೆಗೇ ಉರುಳುವುದೂ ಉಂಟು. ಅದರಲ್ಲಿ ಸಿಕ್ಕಿದ್ದು ಹೊರಬರಲಾರದೆ ಹೊರಳುತ್ತಿರುತ್ತದೆ. ಎಲ್ಲಕ್ಕಿಂತ ಅಪಾಯಕರವಾದದ್ದು ನೋಟಕ್ಕೆ ಸಾಧುವಾದ, ನೀರಿಗೆ ಉರುಳಿಬಿದ್ದ ಮರ. ಕೊಂಬೆಗಳ ಸಂದಿಯಲ್ಲಿ ನೀರು ಹಾದುಹೋಗುತ್ತದೆ, ಮನುಷ್ಯ ಹೋಗಲಾರ.

ಅಲ್ಲಿ ಉದ್ಯೋಗದಲ್ಲಿರುವ ನಮ್ಮೂರಿನ ಹಿರಿಯ ಮಿತ್ರರೊಬ್ಬರು ಐವರು ಗೆಳೆಯರೊಡನೆ ಈ ನದಿಗೆ ಹೋಗಿದ್ದರು. ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಜಗಲಿಯ ಮೇಲೆ ಕುಳಿತು ಅದನ್ನು ವಿವರಿಸಿದರು. ಗಾಳಿ ತುಂಬಿದ ತೆಪ್ಪದಲ್ಲಿ ಪ್ರತ್ಯೇಕವಾದ ಹಲವು ಕೋಣೆಗಳಿರುತ್ತವೆ. ಒಂದು ಒಡೆದರೂ ಉಳಿದವು ತೇಲಿಸುತ್ತವೆ. ತೇಲುವ ಅಂಗಿ, ತಲೆಗೆ ಶಿರಸ್ತ್ರಾಣ ಕಡ್ಡಾಯ. ಹಿಂದೆ ಕುಳಿತು ತೆಪ್ಪವನ್ನು ನಡೆಸುತ್ತಿದ್ದವಳು ನನ್ನಷ್ಟೇ ವಯಸ್ಸಿನ ಹುಡುಗಿಯಂತೆ. ಅವಳು "ಮುಂದಕ್ಕೆ" ಎಂದರೆ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು, "ನಿಲ್ಲಿಸಿ" ಎಂದರೆ ನಿಲ್ಲಿಸಬೇಕು. ತೆಪ್ಪ ಬಂಡೆಗೆ ಅಡ್ಡಲಾಗಿ ತಗುಲಿದರೆ ಬಂಡೆಯಿಂದ ದೂರ ಸರಿಯಲು ಮನಸ್ಸು ಹಾತೊರೆಯುತ್ತದೆ. ಆದರೆ ಬಂಡೆಯ ಕಡೆಗೇ ಎಲ್ಲರೂ ಬಾಗಬೇಕು. ಇಲ್ಲವಾದರೆ ಮೇಲ್ಬದಿಯ ಅಂಚು ತಗ್ಗಿ, ನೀರು ನುಗ್ಗಿ ತೆಪ್ಪ ಮಗುಚುತ್ತದೆ. ಟ್ರಬಲ್‌ಮೇಕರ್, ಎಂದರೆ ತಂಟೆಕೋರ, ಎಂದು ಹೆಸರಾದ ತಿರುವಿನಲ್ಲಿ ಅವರಲ್ಲೊಬ್ಬರು ನೀರಿಗೆ ಬಿದ್ದರು. ಹೇಳಿಕೊಟ್ಟಿದ್ದಂತೆ ಬೆನ್ನ ಮೇಲೆ ಮಲಗಿ, ಪಾದಗಳನ್ನು ಮುಂದೆ ಮಾಡಿ ತೇಲಿದರು. ನಿಲ್ಲಲು ಯತ್ನಿಸಲಿಲ್ಲ. ಕಲ್ಲಿನ ಸಂದಿಯಲ್ಲಿ ಪಾದ ಸಿಕ್ಕರೆ ಮೊಣಕಾಲಿನಷ್ಟೇ ನೀರೂ ಮನುಷ್ಯನನ್ನು ಕೆಡವಿ ಮುಳುಗಿಸಬಲ್ಲದು.

ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರೆಂದರು: "ಹರಿಯೋ ನೀರಲ್ಲಿ ಕಾಲೂರಿದ್ರೆ ಹೊಳೆ ಕಾಲು ಹಿಡಿಯುತ್ತೆ ಅಂತ ನಮ್ಮ ಅಂಬಿಗರೂ ಹೇಳ್ತಿದ್ರಪ್ಪ." ಆ ದೇಶದಲ್ಲಿ ಹಣ ಕೊಟ್ಟು ಕಲಿಯುವ ಪಾಠ ನಮ್ಮ ಹೊಳೆಯ ದಡದಲ್ಲಿ ಅಕ್ಷರವಿಲ್ಲದವರ ಬಾಯಲ್ಲಿತ್ತೆಂಬುದು ನನಗೆ ಅಂದು ತಿಳಿಯಿತು. ಸೇತುವೆಗಳಾದ ಮೇಲೆ ಅಂಬಿಗರು ದೂರವಾದರು. ಅವರ ಮಾತೂ ದೂರವಾಯಿತು. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು" ಎಂದು ಗಾದೆಯೇ ಇದೆಯಲ್ಲವೆ?

ಆ ಹಂಗು ತಪ್ಪಿದ್ದರ ಬೆಲೆ ಸಣ್ಣದಲ್ಲ. 2024ರ ಜೂನಿನಲ್ಲಿ ರಷ್ಯಾದ ವೋಲ್ಖೋವ್ ನದಿಯಲ್ಲಿ ವೈದ್ಯ ವಿದ್ಯಾರ್ಥಿಗಳಾಗಿದ್ದ ನಾಲ್ವರು ಭಾರತೀಯರು ಮುಳುಗಿ ಮಡಿದರು. ಅವರು ತೆಪ್ಪವೇರಿದವರಲ್ಲ, ನೀರಿಗಿಳಿದವರು. ಕೆರೆಯಲ್ಲಿ ಈಜು ಕಲಿತವನಿಗೂ ಹೊಳೆ ಹೊಸದೇ. ಕೆರೆಯ ನೀರು ನಿಂತಿರುತ್ತದೆ, ಹೊಳೆಯದು ಎಳೆಯುತ್ತದೆ. ನಮ್ಮಲ್ಲಿ ಕೆಲವರು ನಾಳೆ ಹೊರದೇಶಕ್ಕೆ ಹೋಗುವವರಿದ್ದೇವೆ. ಹಲವರು ಬರುವ ರಜೆಯಲ್ಲಿಯೇ ದಾಂಡೇಲಿಗೋ ಕೊಡಗಿನ ಬರಪೊಳೆಗೋ ಹೊರಡುವವರಿದ್ದೇವೆ. ಹೋಗಬಾರದೆಂದು ನಾನು ಹೇಳಲಾರೆ. ನೀರಿಗಿಳಿಯುವ ಮುನ್ನ ತೇಲುವ ಅಂಗಿಯ ಪಟ್ಟಿಗಳನ್ನು ಬಿಗಿದುಕೊಳ್ಳೋಣ, ಆ ನೀರನ್ನು ಬಲ್ಲವರನ್ನು ಎರಡು ಮಾತು ಕೇಳೋಣ. ಅವರು ಬೇಡವೆಂದ ದಿನ ದಡದಲ್ಲಿಯೇ ಬುತ್ತಿ ಬಿಚ್ಚಿ ಉಂಡು ಬರೋಣ.