ಯುಪಿಎಸ್ಸೋ ಎನ್‌ಪಿಎಸ್ಸೋ: ತಮ್ಮನಿಗೆ ಹಾಕಿಕೊಟ್ಟ ಲೆಕ್ಕ

2025ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ತಮ್ಮನ ಫೋನ್ ಬಂತು. ರೈಲ್ವೆಯಲ್ಲಿದ್ದಾನೆ, 2011ರಲ್ಲಿ 24ನೇ ವಯಸ್ಸಿಗೆ ಸೇರಿದವನು. "ಅಣ್ಣಾ, 30ನೇ ತಾರೀಖು ಲಾಸ್ಟ್ ಡೇಟ್. ಯುಪಿಎಸ್‌ಗೆ ಹೋಗ್ಲಾ, ಎನ್‌ಪಿಎಸ್‌ನಲ್ಲೇ ಇರ್ಲಾ?" ಜೂನ್‌ಗೆ ಮುಗಿಯಬೇಕಿದ್ದ ಗಡುವು ಎರಡು ಸಲ ಮುಂದೆ ಹೋಗಿತ್ತು, ಇವನು ಮೂರನೇ ಗಡುವಿಗೆ ಎದ್ದಿದ್ದ. ವಿದೇಶದಲ್ಲಿರುವವರಿಗೆ ದುಡ್ಡಿನ ವಿಷಯ ಎಲ್ಲ ಗೊತ್ತಿರುತ್ತೆ ಅಂತ ಮನೆಯವರಿಗೆ ಒಂದು ನಂಬಿಕೆ. ನಿಮಗೂ ಇಂಥ ಫೋನ್ ಬಂದಿರಬಹುದು.

ನಮ್ಮಪ್ಪ ಸೈನ್ಯದಲ್ಲಿದ್ದವರು. ಅವರಿಗೆ ಈ ತಲೆನೋವು ಇರಲಿಲ್ಲ. ಕೊನೆಯ ಸಂಬಳದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ಮುಗೀತು. 2004ರ ಜನವರಿ 1ರಿಂದ ಸೇರುವ ಕೇಂದ್ರ ನೌಕರರಿಗೆ ಎನ್‌ಪಿಎಸ್ ತಂದಾಗಲೂ ಸೇನೆಯನ್ನು ಅದರಿಂದ ಹೊರಗಿಟ್ಟರು. ಆದರೆ 2022ರಲ್ಲಿ ಬಂದ ಅಗ್ನಿಪಥದಲ್ಲಿ ಸೇರಿದವರಿಗೆ ನಾಲ್ಕು ವರ್ಷಕ್ಕೆ ಪೆನ್ಶನ್ ಇಲ್ಲ. ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಕೊಟ್ಟು ಕಳಿಸುತ್ತಾರೆ, ಹೆಚ್ಚೆಂದರೆ ಕಾಲು ಭಾಗದವರು ಕಾಯಂ ಆಗುತ್ತಾರೆ.

ತಮ್ಮನ ವಿಷಯಕ್ಕೆ ಬರೋಣ. ಎನ್‌ಪಿಎಸ್‌ನಲ್ಲಿ ಬೇಸಿಕ್ ಮತ್ತು ಡಿಎಯ 10% ಅವನದು, 14% ಸರ್ಕಾರದ್ದು. 60ಕ್ಕೆ ನಿವೃತ್ತನಾದಾಗ ಗಂಟಿನ 60%ವರೆಗೆ ತೆರಿಗೆಯಿಲ್ಲದೆ ಕೈಗೆ ಬರುತ್ತದೆ, ಕನಿಷ್ಠ 40%ಗೆ ಆನ್ಯುಟಿ ಕೊಳ್ಳಬೇಕು. ಗಂಟು ಎಷ್ಟಾಗುತ್ತೆ ಅನ್ನೋದು ಮಾರುಕಟ್ಟೆಯ ಕೈಯಲ್ಲಿ. ಆನ್ಯುಟಿಯಿಂದ ಬರುವ ಪೆನ್ಶನ್ ಡಿಎ ಜೊತೆ ಏರುವುದಿಲ್ಲ.

2025ರ ಏಪ್ರಿಲ್ 1ರಿಂದ ಜಾರಿಯಾದ ಯುಪಿಎಸ್‌ನಲ್ಲಿ 25 ವರ್ಷ ಸೇವೆ ಮಾಡಿದರೆ ಕೊನೆಯ 12 ತಿಂಗಳ ಸರಾಸರಿ ಬೇಸಿಕ್‌ನ 50% ಖಚಿತ, ಬೆಲೆ ಏರಿದಂತೆ ಅದೂ ಏರುತ್ತದೆ. 10 ವರ್ಷದ ಮೇಲಿದ್ದರೆ ಪ್ರಮಾಣಕ್ಕೆ ತಕ್ಕಂತೆ, ತಿಂಗಳಿಗೆ 10,000ಕ್ಕೆ ಕಡಿಮೆಯಿಲ್ಲ. ತೀರಿಕೊಂಡರೆ ಸಂಗಾತಿಗೆ 60%. ಇದಕ್ಕೆ ಬದಲಾಗಿ ಗಂಟನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಅದರಲ್ಲಿ 60%ವರೆಗೆ ತೆಗೆದುಕೊಳ್ಳಬಹುದು, ಆದರೆ ಪೆನ್ಶನ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಮಕ್ಕಳಿಗೆ ಗಂಟು ಉಳಿಸಬೇಕೆನ್ನುವವರಿಗೆ ಇದು ಹಿಡಿಸುವುದಿಲ್ಲ.

ಲೆಕ್ಕ ಹಾಕುವಾಗ ನನ್ನ ಕಣ್ಣಿಗೆ ಬಿದ್ದದ್ದು 25 ವರ್ಷದ ಗೆರೆ. ಜರ್ಮನಿಯ ಉದ್ಯೋಗ ಏಜೆನ್ಸಿಯ ಕೇಂದ್ರ ಕಚೇರಿ, ವಲಸೆ ಕಚೇರಿ ಎರಡೂ ಇಲ್ಲಿ ನ್ಯೂರೆಂಬರ್ಗ್‌ನಲ್ಲೇ ಇವೆ. ಹಾಗಾಗಿ ನಮ್ಮ ನೆರೆಹೊರೆಯಲ್ಲಿ ಬೆಯಾಮ್ಟೆ, ಅಂದರೆ ಕಾಯಂ ಸರ್ಕಾರಿ ನೌಕರರು, ಬೇಕಾದಷ್ಟು ಸಿಗುತ್ತಾರೆ. ಅವರ ಪೆನ್ಶನ್ ಪ್ರತಿ ವರ್ಷಕ್ಕೆ 1.79375% ಸೇರುತ್ತಾ 40 ವರ್ಷಕ್ಕೆ 71.75%ಗೆ ನಿಲ್ಲುತ್ತದೆ. ಯುಪಿಎಸ್‌ನಲ್ಲಿ ವರ್ಷಕ್ಕೆ 2% ಆದರೂ 25ಕ್ಕೇ ನಿಂತುಬಿಡುತ್ತದೆ. 35ನೇ ವಯಸ್ಸಿಗೆ ಸೇರಿದವನ ಸರಾಸರಿ ಬೇಸಿಕ್ ಒಂದು ಲಕ್ಷವಿದ್ದರೆ ಅವನಿಗೆ 50,000. 24ಕ್ಕೆ ಸೇರಿ 36 ವರ್ಷ ದುಡಿದ ನನ್ನ ತಮ್ಮನಿಗೂ, ಬೇಸಿಕ್ ಅಷ್ಟೇ ಇದ್ದರೆ, ಅದೇ 50,000! ಹೆಚ್ಚಿನ 11 ವರ್ಷಕ್ಕೆ ಸಿಗುವುದು ಒಂದಿಷ್ಟು ಇಡಿಗಂಟು ಮಾತ್ರ: ಪ್ರತಿ ಆರು ತಿಂಗಳ ಸೇವೆಗೆ ಕೊನೆಯ ಬೇಸಿಕ್ ಮತ್ತು ಡಿಎಯ ಹತ್ತನೇ ಒಂದು ಭಾಗ. ಆದ್ದರಿಂದ ತಡವಾಗಿ ಸೇರಿದವರಿಗೆ ಯುಪಿಎಸ್ ಲಾಭ, ಚಿಕ್ಕ ವಯಸ್ಸಿಗೆ ಸೇರಿದವರಿಗೆ ಎನ್‌ಪಿಎಸ್‌ನ ಪರವಾಗಿಯೂ ವಾದ ಇದೆ.

ಇಷ್ಟೇ ಆಗಿದ್ದರೆ ಎನ್‌ಪಿಎಸ್‌ನಲ್ಲೇ ಇರು ಅನ್ನುತ್ತಿದ್ದೆನೇನೋ. ಆದರೆ ನಾದಿನಿ ನರ್ಸ್, ಜರ್ಮನ್ ಬಿ2 ಪರೀಕ್ಷೆಗೆ ಓದುತ್ತಿದ್ದಾಳೆ. ಎರಡು ಮೂರು ವರ್ಷದಲ್ಲಿ ತಮ್ಮ ಕೆಲಸ ಬಿಟ್ಟು ಅವಳ ಜೊತೆ ಇಲ್ಲಿಗೆ ಬಂದರೂ ಬಂದ. ರಾಜೀನಾಮೆ ಕೊಟ್ಟವರಿಗೆ ಯುಪಿಎಸ್‌ನ ಖಚಿತ ಪೆನ್ಶನ್ ಇಲ್ಲ. 25 ವರ್ಷ ಮುಗಿಸಿ ಸ್ವಯಂ ನಿವೃತ್ತಿ ತೆಗೆದುಕೊಂಡರೂ ಪೆನ್ಶನ್ ಶುರುವಾಗುವುದು ಮಾಮೂಲಿ ನಿವೃತ್ತಿಯ ದಿನದಿಂದ. ಎನ್‌ಪಿಎಸ್ ಖಾತೆಯನ್ನಾದರೆ ಎನ್ಆರ್‌ಐ ಆದ ಮೇಲೂ ಮುಂದುವರಿಸಬಹುದು. ಅವನೂ ಅದನ್ನೇ ಹೇಳಿದ, "ಹಾಗಾದ್ರೆ ಎನ್‌ಪಿಎಸ್ಸೇ ಇರ್ಲಿ ಬಿಡು."

ಅಲ್ಲೇ ನಾನು ತಡೆದೆ. ಯುಪಿಎಸ್‌ನಿಂದ ಎನ್‌ಪಿಎಸ್‌ಗೆ ಒಂದು ಸಲ ಮರಳಲು ಅವಕಾಶ ಇದೆ. ನಿವೃತ್ತಿಗೆ ಒಂದು ವರ್ಷ ಮೊದಲು, ಸ್ವಯಂ ನಿವೃತ್ತಿಯಾದರೆ ಮೂರು ತಿಂಗಳು ಮೊದಲು ಮರಳಬೇಕು. ವಜಾ ಆದವರಿಗೆ ಈ ಅವಕಾಶವಿಲ್ಲ. ಎನ್‌ಪಿಎಸ್‌ನಲ್ಲಿ ಉಳಿದವನಿಗೆ ಮಾತ್ರ ನವೆಂಬರ್ 30ರ ನಂತರ ಯುಪಿಎಸ್ ಬಾಗಿಲು ಮುಚ್ಚಿತು. ಒಂದು ಬಾಗಿಲು ತೆರೆದಿದೆ, ಇನ್ನೊಂದು ಮುಚ್ಚುತ್ತಿದೆ ಅಂದರೆ ಯಾವ ಕಡೆ ನಿಲ್ಲಬೇಕು? ಯುಪಿಎಸ್ ತಗೋ, ಜರ್ಮನಿ ಖಾತ್ರಿಯಾದರೆ ಮೊದಲು ಎನ್‌ಪಿಎಸ್‌ಗೆ ಮರಳು, ರಾಜೀನಾಮೆ ಪತ್ರ ಆಮೇಲೆ ಅಂದೆ. ಈ ಕ್ರಮ ತಪ್ಪಬಾರದು.

ಹೊಸದಾಗಿ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರುವವರಿಗೆ ಯೋಚಿಸಲು 30 ದಿನ ಮಾತ್ರ. ಕರ್ನಾಟಕ ಸರ್ಕಾರದ ನೌಕರರದು ಬೇರೆ ಕಥೆ. 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್‌ನವರು, ಕೇಂದ್ರದ ಯುಪಿಎಸ್ ಅವರಿಗೆ ತಾನಾಗಿ ಅನ್ವಯಿಸುವುದಿಲ್ಲ.

ತಮ್ಮ 28ನೇ ತಾರೀಖು ಫಾರ್ಮ್ ಕೊಟ್ಟು, ಸ್ವೀಕೃತಿಯ ಫೋಟೋ ವಾಟ್ಸಾಪ್ ಮಾಡಿದ. ನಾದಿನಿಯ ಪರೀಕ್ಷೆ ಮಾರ್ಚ್‌ಗೆ.